ಚೆಂಡಿಲ್ಲದ 87 ನಿಮಿಷ

ಮಾನ್ಯ ಸಂಪಾದಕರೇ,

ಮೆಸ್ಸಿಯೋ ರೊನಾಲ್ಡೊವೋ ಎಂಬ ಜಗಳಕ್ಕೆ ನಮ್ಮ ಕರಾವಳಿಯಲ್ಲಿ ಮಳೆಗಾಲ, ಬೇಸಿಗೆ ಎಂಬುದಿಲ್ಲ. ವಿಶ್ವಕಪ್ ಬಂತೆಂದರೆ ತಲಪಾಡಿಯಿಂದ ಮಲ್ಪೆಯ ತನಕ ಫ್ಲೆಕ್ಸ್ ಏಳುತ್ತವೆ, ರಿಕ್ಷಾಗಳ ಹಿಂದೆ ಸ್ಟಿಕ್ಕರ್ ಬೀಳುತ್ತದೆ. ನೆಹರೂ ಮೈದಾನದ ಬದಿಯಲ್ಲಿ ನಿಂತು ಬೊಬ್ಬೆ ಹೊಡೆಯುವವರು ಯುರೋಪಿನ ಕೋಚ್‌ಗಳನ್ನು ದಿನಕ್ಕೆ ನಾಲ್ಕು ಸಲ ವಜಾ ಮಾಡುತ್ತಾರೆ. ಗೌಜಿಗೆ ನನ್ನ ತಕರಾರಿಲ್ಲ. ಆದರೆ ಆ ಚರ್ಚೆಯಲ್ಲಿ ಯಾವ ಬಣದವರಿಗೂ ಹಿತವಾಗದ ಕೆಲವು ಮಾತು ಹೇಳಲಿಕ್ಕಿದೆ. ಪತ್ರ ಉದ್ದವಾಗಿದೆ, ಕತ್ತರಿ ನಿಮ್ಮ ಕೈಯಲ್ಲಿದೆ.

ಮೊದಲು ಒಂದು ಸಣ್ಣ ಲೆಕ್ಕ. 90 ನಿಮಿಷದ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 55ರಿಂದ 60 ನಿಮಿಷ. ಮಿಕ್ಕದ್ದು ಥ್ರೋ ಇನ್‌ಗೆ, ಗೋಲ್ ಕಿಕ್‌ಗೆ, ರೆಫರಿಯ ಜತೆ ವಾದಕ್ಕೆ, ಕಾಲು ಹಿಡಿದು ಹೊರಳಾಡುವುದಕ್ಕೆ ಹೋಗುತ್ತದೆ. ಆ ಸಮಯವನ್ನು 22 ಆಟಗಾರರಿಗೆ ಹಂಚಿ ನೋಡಿ: ತಲೆಗೆ ಎರಡೂವರೆ ನಿಮಿಷ ಚಿಲ್ಲರೆ. ಪಾಸ್ ಆದ ಚೆಂಡು ಗಾಳಿಯಲ್ಲೋ ನೆಲದಲ್ಲೋ ಸಾಗುತ್ತಿರುವ ಹೊತ್ತನ್ನು ಕಳೆದರೆ ಅದೂ ಇಲ್ಲ. ಅಂದರೆ ಒಬ್ಬ ಆಟಗಾರ ಕಡಿಮೆಯೆಂದರೂ 87 ನಿಮಿಷ ಚೆಂಡಿಲ್ಲದೆ ಮೈದಾನದಲ್ಲಿರುತ್ತಾನೆ. ನಾವು ಆತನನ್ನು ಅಳೆಯುವುದು ಉಳಿದ ಮೂರು ನಿಮಿಷದಲ್ಲಿ, ಅದೂ ಮೊಬೈಲಿನ 15 ಸೆಕೆಂಡಿನ ತುಣುಕಿನಲ್ಲಿ. ಹಿಮ್ಮೇಳ ಕೈಕೊಟ್ಟರೆ ಎಂಥ ವೇಷವೂ ರಂಗದಲ್ಲಿ ನಿಲ್ಲದು ಎಂದು ಯಕ್ಷಗಾನದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಫುಟ್‌ಬಾಲಿನಲ್ಲಿ ಮಾತ್ರ ಕಿರೀಟ ಕಂಡಲ್ಲಿಗೇ ಕಣ್ಣು ನೆಡುತ್ತೇವೆ.

ಮೆಸ್ಸಿಯಿಂದಲೇ ಶುರು ಮಾಡೋಣ. ಅವರು ಪಂದ್ಯದ ಬಹುಪಾಲು ನಡೆಯುತ್ತಾರೆ. ವಿರೋಧಿಗಳು ಇದನ್ನು ಸೋಮಾರಿತನ ಎನ್ನುತ್ತಾರೆ, ಭಕ್ತರು ಕಂಡೂ ಕಾಣದ ಹಾಗೆ ಇರುತ್ತಾರೆ. ಅವರು ನಡೆಯುವ ಜಾಗವನ್ನು ಗಮನಿಸಿ: ಎದುರಾಳಿಯ ಡಿಫೆನ್ಸ್‌ನ ಮುಂದೆ ಕಾವಲಿರುವ ಮಿಡ್‌ಫೀಲ್ಡರ್‌ನ ಬೆನ್ನ ಹಿಂದೆ, ಸೆಂಟರ್ ಬ್ಯಾಕ್‌ನಿಂದ (ಗೋಲಿನ ಮುಂದೆ ನಡುವಿನಲ್ಲಿ ನಿಲ್ಲುವ ಡಿಫೆಂಡರ್‌ನಿಂದ) ಎಂಟು ಹತ್ತು ಮೀಟರ್ ಮುಂದೆ, ಸ್ವಲ್ಪ ಬಲಕ್ಕೆ. ಅಲ್ಲಿ ಓಡಿದರೆ ಯಾರಾದರೂ ಹಿಂಬಾಲಿಸುತ್ತಾರೆ. ನಡೆದರೆ ಮರೆಯುತ್ತಾರೆ. ಕತ್ತು ಆಚೆ ಈಚೆ ತಿರುಗುತ್ತಲೇ ಇರುತ್ತದೆ. ಚೆಂಡು ಬರುವ ಮೊದಲೇ ಎಲ್ಲಿ ಬಾಗಿಲು ತೆರೆದಿದೆ ಎಂಬುದು ಅವರ ಮಂಡೆಯೊಳಗೆ ಇರುತ್ತದೆ.

ಆದರೆ ಒಬ್ಬ ನಡೆದರೆ ಅವನ ಪಾಲಿನ ಓಟವನ್ನು ಬೇರೆಯವರು ಓಡಬೇಕು. ಹಾಗಾಗಿ ನನ್ನ ಮೊದಲ ಅಪ್ರಿಯ ಮಾತು: 2022ರ ವಿಶ್ವಕಪ್ ಮೆಸ್ಸಿಯದ್ದು ಎಷ್ಟೋ ಕೋಚ್ ಲಿಯೊನೆಲ್ ಸ್ಕಾಲೋನಿಯದ್ದೂ ಅಷ್ಟೇ. ಮೊದಲ ಪಂದ್ಯದಲ್ಲಿ ಸೌದಿ ಅರೇಬಿಯಾ ಎದುರು 2–1ರಿಂದ ಸೋತ ತಂಡವನ್ನು ಅವರು ಹೆಸರು ನೋಡಿ ಉಳಿಸಿಕೊಳ್ಳಲಿಲ್ಲ. ಪೋಲೆಂಡ್ ಎದುರಿನ ಮೂರನೇ ಪಂದ್ಯಕ್ಕಾಗುವಾಗ ಎನ್ಸೊ ಫರ್ನಾಂಡಿಸ್, ಮ್ಯಾಕ್ ಆಲಿಸ್ಟರ್, ಹೂಲಿಯನ್ ಆಲ್ವರೆಜ್ ಮೂವರೂ ಮೊದಲ ಹನ್ನೊಂದರೊಳಗಿದ್ದರು. ಆ ರಾತ್ರಿ ಮೆಸ್ಸಿಯ ಪೆನಾಲ್ಟಿಯನ್ನು ಪೋಲೆಂಡ್ ಕೀಪರ್ ತಡೆದರು. ಅರ್ಜೆಂಟೀನಾದ ಎರಡು ಗೋಲು ಬಂದದ್ದು ಮ್ಯಾಕ್ ಆಲಿಸ್ಟರ್ ಮತ್ತು ಆಲ್ವರೆಜ್ ಕಾಲಿನಿಂದ. ಮಿಡ್‌ಫೀಲ್ಡರ್ ಡಿ ಪಾಲ್ ಜತೆಗೆ ಈ ಮೂವರು ಓಡಿದ್ದರಿಂದ ಹತ್ತನೇ ನಂಬರಿನ ಮೆಸ್ಸಿ ನಡೆಯುವ ಹಕ್ಕು ಉಳಿಸಿಕೊಂಡರು. ಫ್ಲೆಕ್ಸ್‌ನಲ್ಲಿ ಡಿ ಪಾಲ್ ಮುಖ ಎಲ್ಲಾದರೂ ಕಂಡಿದ್ದೀರಾ?

ಇನ್ನು ‘ಪೆನಾಲ್ಡೊ’ ಎಂದು, ಪೆನಾಲ್ಟಿಯಿಂದಲೇ ಗೋಲು ಗಳಿಸುವವರೆಂದು, ರೊನಾಲ್ಡೊರನ್ನು ನೋಡಿ ನಗುವವರಿಗೆ. ಮೆಸ್ಸಿ ಆ ವಿಶ್ವಕಪ್‌ನಲ್ಲಿ ಹೊಡೆದ ಏಳು ಗೋಲಿನಲ್ಲಿ ನಾಲ್ಕು ಪೆನಾಲ್ಟಿ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಒಂದೇ ತಕ್ಕಡಿಯಲ್ಲಿ ಇಬ್ಬರನ್ನೂ ತೂಗಿ. ಪೆನಾಲ್ಟಿ ಅದೃಷ್ಟದಾಟ ಎಂಬ ಮಾತೂ ಸರಿಯಲ್ಲ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೊಡೆದ ಚೆಂಡು 11 ಮೀಟರ್ ದಾಟಲು ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲಿ ಕಂಡು, ನಿರ್ಧರಿಸಿ, 7.32 ಮೀಟರ್ ಅಗಲದ ಗೋಲಿನ ಮೂಲೆಗೆ ಹಾರಲು ಕೀಪರ್‌ಗೆ ಆಗುವುದಿಲ್ಲ. ಮೊದಲೇ ಒಂದು ಬದಿ ಆರಿಸಲೇಬೇಕು. ಹೊಡೆಯುವ ಕ್ಷಣದಲ್ಲಿ ಒಂದು ಪಾದವಾದರೂ ಗೆರೆಯ ಮೇಲಿರಬೇಕೆಂಬ ನಿಯಮ ಬೇರೆ ಇದೆ. ಆದ್ದರಿಂದ ಹೊಡೆಯುವವನಿಗೆ ಎರಡೇ ದಾರಿ. ಒಂದೋ ಕಂಬದಿಂದ ಅರ್ಧ ಮೀಟರ್ ಒಳಗೆ ಜೋರಾಗಿ ಇಡುವುದು, ಇಲ್ಲವೇ ಓಟ ನಿಧಾನಿಸಿ ಕೀಪರ್‌ನ ಮೊಣಕಾಲು ಯಾವ ಕಡೆ ಬಾಗುತ್ತದೆಂದು ನೋಡಿ ಎದುರು ಬದಿಗೆ ತಳ್ಳುವುದು. ಓಡುವಾಗ ನಿಧಾನಿಸಬಹುದು, ಓಟ ಮುಗಿದ ಮೇಲೆ ಹೊಡೆದಂತೆ ನಟಿಸಿ ತಡೆಯುವಂತಿಲ್ಲ. ಕೆಡುವುದು ಎಲ್ಲಿ ಎಂದರೆ, ಮೊದಲ ದಾರಿ ಹಿಡಿದು ಹೊರಟವ ಕೊನೆಯ ಎರಡು ಹೆಜ್ಜೆಯಲ್ಲಿ ಮನಸ್ಸು ಬದಲಿಸಿದಾಗ. 2021ರಲ್ಲಿ ನಡೆದ ಯೂರೊ (ಯುರೋಪಿನ ದೇಶಗಳ ಕಪ್) ಫೈನಲ್‌ನಲ್ಲಿ ರ‍್ಯಾಶ್‌ಫರ್ಡ್ ಮತ್ತು ಸ್ಯಾಂಚೊರನ್ನು ಪೆನಾಲ್ಟಿಗೆಂದೇ 120ನೇ ನಿಮಿಷದ ಹೊತ್ತಿಗೆ ಇಳಿಸಿ ಇಂಗ್ಲೆಂಡ್ ಕೈ ಸುಟ್ಟುಕೊಂಡಿತು. ಕಾಲು ಬಿಸಿಯಾಗುವ ಮೊದಲೇ ಇಬ್ಬರೂ ಅವಕಾಶ ಕಳೆದುಕೊಂಡರು.

ರೊನಾಲ್ಡೊ ಅಭಿಮಾನಿಗಳೂ ಬೇಗ ಸಂತೋಷಪಡಬೇಡಿ. ಕಾಲು ಅಗಲಿಸಿ ನಿಂತು, ಉಸಿರು ಬಿಟ್ಟು ಹೊಡೆಯುವ ಆ ಫ್ರೀ ಕಿಕ್ ಅವರ ಅತಿ ಪ್ರಸಿದ್ಧ ಭಂಗಿ, ಅವರ ತಂಡಕ್ಕೆ ಅತಿ ದುಬಾರಿ ಅಭ್ಯಾಸ. 2024ರ ಯೂರೊ ತನಕದ ವಿಶ್ವಕಪ್, ಯೂರೊ ಎಲ್ಲ ಸೇರಿಸಿದರೆ ನೇರ ಫ್ರೀ ಕಿಕ್‌ನಿಂದ ಅವರಿಗೆ ಸಿಕ್ಕಿದ್ದು ಒಂದೇ ಗೋಲು, 2018ರಲ್ಲಿ ಸ್ಪೇನ್ ಎದುರು 88ನೇ ನಿಮಿಷದ್ದು. 2022ರವರೆಗಿನ ಐದು ವಿಶ್ವಕಪ್‌ಗಳ ನಾಕೌಟ್ ಪಂದ್ಯಗಳಲ್ಲಿ ಅವರದ್ದು ಒಂದೂ ಗೋಲಿಲ್ಲ. ಚೆಂಡಿಗೆ ತಿರುಗು ಕೊಡದೆ ಹೊಡೆದಾಗ ಅದು ಗಾಳಿಯಲ್ಲಿ ಅಲುಗಾಡುತ್ತದೆ ನಿಜ, ಆದರೆ ಎತ್ತ ಅಲುಗಾಡುತ್ತದೆ ಎಂಬುದು ಹೊಡೆದವನಿಗೂ ಗೊತ್ತಿರುವುದಿಲ್ಲ. ಹೆಚ್ಚಿನವು ಎದುರಾಳಿ ಆಟಗಾರರು ಸಾಲಾಗಿ ನಿಂತು ಕಟ್ಟಿದ ಗೋಡೆಗೆ ಬಡಿಯುತ್ತವೆ, ಇಲ್ಲವೇ ಗ್ಯಾಲರಿಗೆ ಹೋಗುತ್ತವೆ. ನಮ್ಮಲ್ಲಿ ಹೈಸ್ಕೂಲಿನ ಹುಡುಗರು 30 ಮೀಟರಿನಿಂದ ಅದೇ ಭಂಗಿಯಲ್ಲಿ ನಿಂತು ಚೆಂಡನ್ನು ರಸ್ತೆಗೆ ಅಟ್ಟುತ್ತಾರೆ. ಆ ದೂರದಿಂದ ಮಾಡಬೇಕಾದ್ದು ಬೇರೆ: ಪೆನಾಲ್ಟಿ ಚುಕ್ಕೆಗೂ ಗೋಲಿನ ಮುಂದಿನ 5.5 ಮೀಟರ್ ಗೆರೆಗೂ ನಡುವೆ ಒಳಮುಖ ತಿರುವಿನ ಚೆಂಡು ಬೀಳಬೇಕು. ಅಲ್ಲಿ ಬಿದ್ದರೆ ಕೀಪರ್ ಹೊರಬರಲೋ ಬೇಡವೋ ಎಂದು ಗಲಿಬಿಲಿಗೊಳ್ಳುತ್ತಾನೆ, ಡಿಫೆಂಡರ್ ತನ್ನ ಗೋಲಿನತ್ತ ಮುಖ ಮಾಡಿ ಓಡಬೇಕಾಗುತ್ತದೆ.

ರೊನಾಲ್ಡೊ ಅವರ ನಿಜವಾದ ಕಲೆ ಇರುವುದು ಯಾರೂ ವಿಡಿಯೊ ಮಾಡದ ಎರಡು ಹೆಜ್ಜೆಯಲ್ಲಿ. ಚೆಂಡು ಒಂದು ಅಂಚಿನಲ್ಲಿರುವಾಗ ಅವರು ದೂರದ ಕಂಬದ ಬಳಿ ಡಿಫೆಂಡರ್‌ನ ಬೆನ್ನ ಹಿಂದೆ ಇರುತ್ತಾರೆ. ಮೊದಲ ಹೆಜ್ಜೆ ಅವನ ಕಣ್ಣಿಗೆ ಬೀಳುವ ಹಾಗೆ ಮುಂದಕ್ಕೆ. ಅವನು ಒಂದಡಿ ಜರುಗಿದ ಕ್ಷಣ ಎರಡನೆಯದು ಅವನ ಹಿಂದಿನಿಂದ. ಡಿಫೆಂಡರ್‌ಗೆ ಚೆಂಡನ್ನೂ ಅವರನ್ನೂ ಒಟ್ಟಿಗೆ ನೋಡಲು ಆಗುವುದಿಲ್ಲ. 2017ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಬಯರ್ನ್ ಎದುರು ಹ್ಯಾಟ್ರಿಕ್, ಅಟ್ಲೆಟಿಕೊ ಎದುರು ಹ್ಯಾಟ್ರಿಕ್, ಫೈನಲ್‌ನಲ್ಲಿ ಯುವೆಂಟಸ್ ಎದುರು ಎರಡು. ಆ ಹೊತ್ತಿಗೆ ಅವರ ಹಳೆಯ ಡ್ರಿಬ್ಲಿಂಗ್ ಬಹುಪಾಲು ಮುಗಿದಿತ್ತು. ಹಾಗಾಗಿ ಮ್ಯಾಂಚೆಸ್ಟರಿನ ಯುವ ರೊನಾಲ್ಡೊಗಿಂತ 32ರ ರೊನಾಲ್ಡೊ ದೊಡ್ಡ ಆಟಗಾರ ಎಂಬುದು ನನ್ನ ಪಕ್ಷ. ಒಪ್ಪುವವರು ಕಡಿಮೆ ಇದ್ದಾರೆ.

2024ರ ಶ್ರೇಷ್ಠ ಆಟಗಾರ ಪ್ರಶಸ್ತಿ ಬ್ಯಾಲನ್ ಡಿ’ಓರ್ ಮ್ಯಾಂಚೆಸ್ಟರ್ ಸಿಟಿಯ ಮಿಡ್‌ಫೀಲ್ಡರ್ ರೊಡ್ರಿಗೆ ಸಿಕ್ಕಾಗ ಎದ್ದ ಗಲಾಟೆ ನೆನಪಿರಬಹುದು. ರಿಯಲ್ ಮ್ಯಾಡ್ರಿಡ್‌ನ ಫಾರ್ವರ್ಡ್ ವಿನಿಸಿಯಸ್‌ಗೆ ಅನ್ಯಾಯವಾಯಿತು ಎಂದು ಇಲ್ಲಿಯೂ ಸ್ಟೇಟಸ್ ಹಾಕಿದರು. ಪ್ರಶಸ್ತಿ ಸರಿಯಾದವರಿಗೇ ಹೋಯಿತು. ಆ ಸೆಪ್ಟೆಂಬರಿನಲ್ಲಿ ಆರ್ಸೆನಲ್ ಎದುರು ರೊಡ್ರಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಸತತ ನಾಲ್ಕು ಸಲ ಲೀಗ್ ಗೆದ್ದಿದ್ದ ಮ್ಯಾಂಚೆಸ್ಟರ್ ಸಿಟಿ ವರ್ಷದ ಕೊನೆಗಾಗುವಾಗ 13 ಪಂದ್ಯದಲ್ಲಿ ಒಂದೇ ಗೆಲುವಿಗೆ ಇಳಿಯಿತು. ಹಾಲಂಡ್ ಇದ್ದರು, ಡಿ ಬ್ರೂಯ್ನ ಇದ್ದರು, ಕೋಚ್ ಅದೇ ಗ್ವಾರ್ಡಿಯೋಲಾ. ಇದು ಹೊಸ ಪಾಠವೂ ಅಲ್ಲ. 2003ರಲ್ಲಿ ರಿಯಲ್ ಮ್ಯಾಡ್ರಿಡ್ ಬೆಕ್‌ಹ್ಯಾಮ್‌ರನ್ನು ತಂದು, ರೊಡ್ರಿಯ ಜಾಗದಲ್ಲೇ ಆಡುತ್ತಿದ್ದ ಮಕೆಲೆಲೆಯನ್ನು ಚೆಲ್ಸಿಗೆ ಮಾರಿತು. ಆಮೇಲೆ ಮ್ಯಾಡ್ರಿಡ್ ಲೀಗ್ ಗೆಲ್ಲಲು 2006–07ರ ತನಕ ಕಾಯಬೇಕಾಯಿತು. ಚೆಲ್ಸಿ 2004–05ರಲ್ಲಿ 38 ಪಂದ್ಯದಲ್ಲಿ ಬರೇ 15 ಗೋಲು ಬಿಟ್ಟುಕೊಟ್ಟು ಚಾಂಪಿಯನ್ ಆಯಿತು.

ಡಿಫೆನ್ಸ್ ಮುಂದೆ ಕಾವಲಿರುವ ಮಿಡ್‌ಫೀಲ್ಡರ್‌ನ ಆ ಜಾಗದ ಕೆಲಸ ಏನು? ಎರಡು ಸೆಂಟರ್ ಬ್ಯಾಕ್‌ಗಳ ಐದಾರು ಮೀಟರ್ ಮುಂದೆ, ಚೆಂಡಿಗೂ ಎದುರಾಳಿಯ ಸ್ಟ್ರೈಕರ್‌ಗೂ ನಡುವಿನ ಗೆರೆಯ ಮೇಲೆ ನಿಲ್ಲುವುದು. ಚೆಂಡು ಸರಿದಂತೆ ಆ ಗೆರೆಯೂ ಸರಿಯುತ್ತದೆ, ತಾನೂ ಸರಿಯಬೇಕು. ತನ್ನ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ಮುಂದಕ್ಕೆ ಏರಿದರೆ ಆ ಬದಿಗೆ ವಾಲುವುದು. ಫೌಲ್ ಮಾಡಲೇಬೇಕಾದರೆ ಅರ್ಧಗೆರೆಯ ಹತ್ತಿರ ಮಾಡುವುದು, ಗೋಲಿನಿಂದ 20 ಮೀಟರಿನಲ್ಲಿ ಅಲ್ಲ. ನಮ್ಮ ಊರ ತಂಡಗಳಲ್ಲಿ ಈ ಜಾಗಕ್ಕೆ ಅತಿ ಹೆಚ್ಚು ಓಡುವ ಹುಡುಗನನ್ನು ಹಾಕುತ್ತಾರೆ. ಅವನು ಚೆಂಡು ಎಲ್ಲಿದೆಯೋ ಅಲ್ಲಿಗೆ ಓಡುತ್ತಾನೆ, ಬಿಟ್ಟು ಬಂದ ಜಾಗದಿಂದ ಗೋಲಾಗುತ್ತದೆ. ಬೈಗುಳ ತಿನ್ನುವವ ಮಾತ್ರ ಸೆಂಟರ್ ಬ್ಯಾಕ್.

ಈಗ ಬಸ್ಸಿನ ವಿಷಯ. ಎಕ್ಸ್‌ಪ್ರೆಸ್ ಬಸ್ಸಿನ ಊರಿನವರಾದ ನಮಗೆ ಬಸ್ ನಿಲ್ಲಿಸುವುದೆಂದರೆ, ಅಂದರೆ ಇಡೀ ತಂಡ ಗೋಲಿನ ಮುಂದೆ ಸಾಲುಗಟ್ಟಿ ತಡೆಯುವುದೆಂದರೆ, ಅವಮಾನ ಅನ್ನಿಸುವುದು ಸಹಜ. ಹಾಗೆ ಆಡಿಸುವ ಕೋಚ್‌ಗಳಾದ ಮೌರಿನ್ಯೊ, ಸಿಮಿಯೊನೆ ಹೆಸರೆತ್ತಿದರೆ ಸಾಕು, ‘ಆಟ ಕೊಂದವರು’ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಹನ್ನೊಂದು ಜನ ಸೇರಿ ಮಾಡುವ ಅತಿ ಕಷ್ಟದ ಕೆಲಸ ಅದು. 2010ರ ಏಪ್ರಿಲ್ 28ರಂದು ಬಾರ್ಸಿಲೋನಾದ ಅಂಗಳದಲ್ಲಿ ಮೌರಿನ್ಯೊ ಅವರ ಇಂಟರ್ ಮಿಲಾನ್ ಆಟ ನೋಡಿ. ಎರಡು ಪಂದ್ಯಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಪಂದ್ಯದಿಂದ ಇಂಟರ್‌ಗೆ 3–1ರ ಮುನ್ನಡೆ ಇತ್ತು. 28ನೇ ನಿಮಿಷಕ್ಕೆ ತಿಯಾಗೊ ಮೊಟ್ಟಾಗೆ ಕೆಂಪು ಕಾರ್ಡ್. ಮತ್ತಿನ ಒಂದು ಗಂಟೆ ಹತ್ತೇ ಜನ ನಿಂತರು. 84ನೇ ನಿಮಿಷದ ತನಕ ಗೋಲು ಬೀಳಲಿಲ್ಲ. ಬಿದ್ದದ್ದೂ ಒಂದೇ. ಹಿಂದಿನ ವರ್ಷವಷ್ಟೇ ಬಾರ್ಸಿಲೋನಾ ಪರ ಫೈನಲ್‌ನಲ್ಲಿ ಗೋಲು ಹೊಡೆದಿದ್ದ ಸ್ಟ್ರೈಕರ್ ಎಟೊ ಆ ರಾತ್ರಿ ಫುಲ್ ಬ್ಯಾಕ್‌ನ ಹಾಗೆ ತನ್ನ ಬಾಕ್ಸಿನ ಮೂಲೆ ಕಾಯುತ್ತಿದ್ದರು.

ಇದರ ತಾಂತ್ರಿಕತೆ ಇಷ್ಟು. ಹಿಂದಿನ ನಾಲ್ವರು ಪೆನಾಲ್ಟಿ ಬಾಕ್ಸಿನ ಅಗಲದಿಂದ, ಅಂದರೆ ಸುಮಾರು 40 ಮೀಟರಿನಿಂದ, ಆಚೆ ಹರಡಬಾರದು. ಒಬ್ಬರಿಂದೊಬ್ಬರಿಗೆ ಹತ್ತು ಮೀಟರ್ ಆಸುಪಾಸು. ಅವರ ಮುಂದಿನ ನಾಲ್ವರ ಸಾಲು ಹತ್ತು ಹನ್ನೆರಡು ಮೀಟರ್ ಮೇಲೆ. ಅಂಚು ಎದುರಾಳಿಗೆ ಬಿಟ್ಟ ಜಾಗ, ಅಲ್ಲಿಂದ ನೇರ ಗೋಲಾಗುವುದಿಲ್ಲ. ಚೆಂಡು ಬಲ ಅಂಚಿಗೆ ಹೋದರೆ ಇಡೀ ಸಾಲು ಆ ಕಡೆಗೆ ಜಾರಬೇಕು, ಎಡ ಫುಲ್ ಬ್ಯಾಕ್ ದೂರದ ಕಂಬದ ನೇರಕ್ಕೆ ಒಳಗೆ ಬರಬೇಕು. ಎದುರಾಳಿ 40 ಮೀಟರಿನ ಒಂದು ಪಾಸ್‌ನಲ್ಲಿ ಬದಿ ಬದಲಿಸಿದರೆ ಎಂಟು ಜನ ಎರಡು ಮೂರು ಸೆಕೆಂಡಿನಲ್ಲಿ 15 ಮೀಟರ್ ಜಾರಬೇಕು, ಎಲ್ಲರೂ ಒಟ್ಟಿಗೆ. ಪಂದ್ಯದಲ್ಲಿ ಎಷ್ಟು ಸಲ ಹೀಗಾಗುತ್ತದೆ ಎಂದು ಎಣಿಸಲು ಕೂತವರಿಗೆ ಮಂಡೆಬಿಸಿ ಆದೀತು.

ತಪ್ಪುವುದು ಮೂರು ಜಾಗದಲ್ಲಿ. ಮಿಡ್‌ಫೀಲ್ಡರ್ ಒಬ್ಬ ತಾಳ್ಮೆ ಕಳೆದುಕೊಂಡು ಚೆಂಡಿನತ್ತ ನುಗ್ಗುತ್ತಾನೆ, ಅವನ ಹಿಂದಿನ ಕಿಂಡಿ ತೆರೆಯುತ್ತದೆ. ಇಲ್ಲವೇ ಫುಲ್ ಬ್ಯಾಕ್ ಅಂಚಿಗೆ ಹೋದಾಗ ಸೆಂಟರ್ ಬ್ಯಾಕ್ ಜತೆಗೆ ಜಾರದೆ ನಿಂತುಬಿಡುತ್ತಾನೆ. ಮೂರನೆಯದು ಹೆದರಿಕೆ: ಸಾಲು ಹಿಂದೆ ಹಿಂದೆ ಸರಿದು ಕೀಪರ್‌ನ ಮೂಗಿನ ಮೇಲೆ ಕೂರುತ್ತದೆ, ಕ್ರಾಸ್ ಬಂದಾಗ ಅವನಿಗೆ ಹೊರಬರಲು ದಾರಿಯೇ ಇರುವುದಿಲ್ಲ. ನಮ್ಮಲ್ಲಿ ಒಂದು ಗೋಲಿನ ಮುನ್ನಡೆ ಸಿಕ್ಕಿದ ತಂಡ ಹತ್ತೂ ಜನರನ್ನು ಬಾಕ್ಸಿಗೆ ತುಂಬಿ ಅದನ್ನೇ ಡಿಫೆನ್ಸ್ ಎನ್ನುತ್ತದೆ. ಮಾರಾಯ್ರೆ, ಬಸ್ ನಿಲ್ಲಿಸುವುದು ಬೇರೆ, ಬಸ್ ಕೆಟ್ಟು ನಿಲ್ಲುವುದು ಬೇರೆ.

2004ರ ಯೂರೊ ಗೆದ್ದ ಗ್ರೀಸ್ ಬಗ್ಗೆಯೂ ಇದೇ ತಾತ್ಸಾರ. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ ಓಟ್ಟೊ ರೆಹಾಗೆಲ್ ತಂಡ 1–0ಯಿಂದ ಗೆದ್ದಿತು, ಮೂರೂ ಗೋಲು ತಲೆಯಿಂದ. ಒಂದು ಕ್ರಾಸ್‌ನಿಂದ, ಎರಡು ಕಾರ್ನರ್‌ನಿಂದ. ಸೋತ ತಂಡಗಳು ಫ್ರಾನ್ಸ್, ಜೆಕ್ ಗಣರಾಜ್ಯ, ಪೋರ್ಚುಗಲ್. ಚೆಂದದ ಆಟಕ್ಕೆ ಎಲ್ಲರೂ ಹಾಡಿ ಹೊಗಳುವ ಸ್ಪೇನ್ 2010ರ ವಿಶ್ವಕಪ್‌ನ ನಾಲ್ಕು ನಾಕೌಟ್ ಪಂದ್ಯಗಳನ್ನೂ 1–0ಯಿಂದಲೇ ಗೆದ್ದದ್ದನ್ನು ಯಾರೂ ಎತ್ತಿ ಆಡುವುದಿಲ್ಲ.

ಗ್ವಾರ್ಡಿಯೋಲಾ ಶಿಷ್ಯರು ನಮ್ಮ ಜಿಲ್ಲೆಯಲ್ಲಿ ಬಹಳ ಇದ್ದಾರೆ, ಎಲ್ಲರೂ ‘ಪಾಸ್, ಪಾಸ್’ ಎಂದು ಕೂಗುವವರು. 2023ರಲ್ಲಿ ಸಿಟಿ ಮೂರು ಕಪ್ ಎತ್ತಿದ್ದು ಡಿಯಾಸ್, ಅಕಂಜಿ, ಆಕೆ, ಸ್ಟೋನ್ಸ್ ಎಂಬ ನಾಲ್ಕು ಸೆಂಟರ್ ಬ್ಯಾಕ್‌ಗಳನ್ನು ಒಟ್ಟಿಗೆ ಆಡಿಸಿ. ಸ್ಟೋನ್ಸ್ ರೊಡ್ರಿ ಪಕ್ಕಕ್ಕೆ ಏರುತ್ತಿದ್ದರು. ಐದು ಜನ ಮುಂದೆ ಪಾಸ್ ಆಡುವಾಗ ಹಿಂದೆ ಮೂವರು, ಅವರ ಮುಂದೆ ಇಬ್ಬರು ಕಳೆದುಹೋಗುವ ಚೆಂಡಿಗಾಗಿಯೇ ಕಾದಿರುತ್ತಾರೆ. ಹಿಂದೆ ಕಾಯುವ ಆ ಐವರ ನಿಲುವಿಲ್ಲದೆ ಪಾಸಿಂಗ್ ಮಾತ್ರ ನಕಲು ಮಾಡಿದರೆ ಏನಾಗುತ್ತದೆಂದು ಭಾನುವಾರದ ಪಂದ್ಯಗಳಲ್ಲಿ ನೋಡಬಹುದು: ಇಬ್ಬರೂ ಫುಲ್ ಬ್ಯಾಕ್ ಮೇಲೆ, ಚೆಂಡು ಕೈತಪ್ಪಿತು, 50 ಮೀಟರ್ ಖಾಲಿ. ಇನ್ನೊಂದು, ನೆಲ. ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಕೀಪರ್‌ನಿಂದ ಸೆಂಟರ್ ಬ್ಯಾಕ್‌ಗೆ ಕೊಟ್ಟ ಚೆಂಡು ಕೊನೆಯ ಗಳಿಗೆಯಲ್ಲಿ ಮೊಣಕಾಲಿಗೆ ಪುಟಿಯುತ್ತದೆ. ಶಾಲಾ ಪಂದ್ಯಗಳು ನಡೆಯುವ ಆಟಿ ತಿಂಗಳ ಮಳೆಯಲ್ಲಾದರೆ ನೀರು ನಿಂತ ಜಾಗದಲ್ಲಿ ಚೆಂಡು ಸುಮ್ಮನೆ ಕೂರುತ್ತದೆ. ಅಂಥ ದಿನ ಮೊದಲ ಪಾಸ್ ಎತ್ತರದಲ್ಲಿ ಅಂಚಿಗೆ ಹೋಗಬೇಕು, ಕೀಪರ್ ಜಾರಿ ಬರುವ ಚೆಂಡನ್ನು ಹಿಡಿಯಲು ಹೋಗದೆ ಬದಿಗೆ ತಳ್ಳಬೇಕು, ಚೆಂಡಿನ ಗಾಳಿ ನಿಯಮ ಒಪ್ಪುವ 0.6ರಿಂದ 1.1 ವಾಯುಭಾರದಲ್ಲಿ ಕೆಳಗಿನ ತುದಿಗೆ ಹತ್ತಿರ ಇದ್ದರೆ ಹಿಡಿತಕ್ಕೆ ಒಳ್ಳೆಯದು. ‘ಕೆಸರ್ಡ್ ಒಂಜಿ ದಿನ’ದ ಗದ್ದೆಯಲ್ಲಿ ಯಾರೂ ಟಿಕಿ ಟಾಕಾ (ಸಣ್ಣ ಸಣ್ಣ ಪಾಸ್‌ಗಳ ಆಟ) ಆಡುವುದಿಲ್ಲ, ಅಲ್ಲಿ ಎಲ್ಲರಿಗೂ ಬುದ್ಧಿ ಇದೆ.

ಮ್ಯಾಂಚೆಸ್ಟರ್ ಯುನೈಟೆಡ್ ಬಗ್ಗೆ ಎರಡೇ ಸಾಲು. 2013ರಲ್ಲಿ ಕೋಚ್ ಫರ್ಗ್ಯುಸನ್ ಇಳಿದ ಮೇಲೆ ಬಂದ ಕೋಚ್‌ಗಳೆಲ್ಲ ಕೆಟ್ಟವರಲ್ಲ. ಒಬ್ಬ ಕೋಚ್‌ಗೆ ಬೇಕೆಂದು ಕೊಂಡ ಆಟಗಾರರನ್ನು ಮುಂದಿನವನು ಬೇರೆ ಪದ್ಧತಿಗೆ ಬಗ್ಗಿಸಬೇಕಾಗಿ ಬಂತು. ಕೋಚ್ ತೆಗೆದರೆ ಸರಿಯಾದೀತು ಎನ್ನುವವರು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದನ್ನೇ ಹೇಳುತ್ತಿದ್ದಾರೆ.

ಹತ್ತಿರದ ಜಗಳಕ್ಕೆ ಬರೋಣ. ನೇತ್ರಾವತಿ ದಾಟಿದರೆ ಹಳದಿ ಅಂಗಿಗಳು ಹೆಚ್ಚಾಗುತ್ತವೆ. ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳಿಗೆ 2023ರ ಮಾರ್ಚ್ 3 ಇನ್ನೂ ಗಾಯ. ಕಂಠೀರವದಲ್ಲಿ ಹೆಚ್ಚುವರಿ ಅವಧಿಯ 96ನೇ ನಿಮಿಷಕ್ಕೆ ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿ, ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್ ವುಕೊಮಾನೊವಿಚ್‌ಗೆ 10 ಪಂದ್ಯಗಳ ನಿಷೇಧ. ಛೇತ್ರಿ ಮೋಸ ಮಾಡಿದರು ಎಂಬ ಮಾತು ಇಂದಿಗೂ ಕೇಳುತ್ತದೆ. ನಿಯಮ ಹೇಳುವುದು ಬೇರೆ. ಫ್ರೀ ಕಿಕ್ ಸಿಕ್ಕಿದ ತಂಡ ಕೂಡಲೇ ಹೊಡೆಯಬಹುದು. ಎದುರಾಳಿ 9.15 ಮೀಟರ್ ದೂರ ಹೋಗಬೇಕಾದ್ದು ಹೊಡೆಯುವವನಿಗೆ ಕೊಟ್ಟ ಅನುಕೂಲ, ತಡೆಯುವವನಿಗೆ ಕೊಟ್ಟ ಬಿಡುವಲ್ಲ. ರೆಫರಿ ತಾನೇ ಆಟ ತಡೆದು ಸೀಟಿಗಾಗಿ ಕಾಯಲು ಹೇಳಿದ್ದರೆ ಮಾತ್ರ ಕಾಯಬೇಕು. ಹತ್ತಿರ ನಿಂತವನು ಬೇಕೆಂದೇ ಅಡ್ಡಬಂದರೆ ಅವನಿಗೇ ಹಳದಿ ಕಾರ್ಡ್.

ಅಲ್ಲಿ ತಪ್ಪಿದ್ದು ಡಿಫೆಂಡಿಂಗ್ ತಂಡದ ಅಭ್ಯಾಸ. ಫೌಲ್ ಆದ ಕೂಡಲೇ ಗೋಡೆ ಅಳೆಯಲು ಕೀಪರ್ ಕಂಬದ ಬದಿಗೆ ಹೋಗುವುದು ಹಳೆಯ ರೂಢಿ. ಆ ಐದು ಸೆಕೆಂಡು ಗೋಲು ಅನಾಥ. ಕೀಪರ್ ನಡುವಿನಿಂದ ಕದಲಬಾರದು. ಚೆಂಡಿನ ಹಿಂದೆ ಹೋಗಿ ಗೋಡೆಯ ನೇರ ನೋಡುವ ಕೆಲಸ ಒಬ್ಬ ಫಾರ್ವರ್ಡ್‌ಗೆ ವಹಿಸಬೇಕು. ಮಿಕ್ಕವರು ಚೆಂಡಿಗೆ ಬೆನ್ನು ತೋರಿಸದೆ ಹಿಂದಕ್ಕೆ ನಡೆಯಬೇಕು. ವಾರಕ್ಕೆ ಹತ್ತು ನಿಮಿಷ ಅಭ್ಯಾಸ ಸಾಕು.

ಛೇತ್ರಿ ಪರ ಇಷ್ಟು ವಾದಿಸಿದ ಮೇಲೆ ಬೆಂಗಳೂರು ಅಭಿಮಾನಿಗಳಿಗೂ ಒಂದು ಕಹಿ. 2024ರ ಜೂನ್‌ನಲ್ಲಿ 39ನೇ ವಯಸ್ಸಿಗೆ ನಿವೃತ್ತಿ ಹೇಳಿದವರನ್ನು ಒಂದು ವರ್ಷ ಕಳೆಯುವ ಮೊದಲೇ ಭಾರತ ತಂಡ ಮರಳಿ ಕರೆಯಬೇಕಾಯಿತು. ಇದರಲ್ಲಿ ಸಂಭ್ರಮಿಸಲು ಏನಿದೆ? 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಭಾರತ ಮೂರು ಪಂದ್ಯ ಆಡಿ ಮೂರೂ ಸೋತಿತು, ಆರು ಗೋಲು ಬಿಟ್ಟಿತು, ಹೊಡೆದದ್ದು ಸೊನ್ನೆ. ಎಲ್ಲರೂ ಕೋಚ್ ಸ್ಟಿಮಾಚ್ ಮೇಲೆ ಬಿದ್ದರು, ಆ ಜೂನ್‌ನಲ್ಲಿ ಅವರನ್ನು ಕಳಿಸಿಯೂ ಆಯಿತು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದ 2014ರಿಂದ 2024–25ರ ತನಕ 11 ಋತುಗಳಲ್ಲಿ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಒಮ್ಮೆಯೂ ಭಾರತೀಯನಿಗೆ ಸಿಕ್ಕಿಲ್ಲ. ವಿದೇಶಿ ಆಟಗಾರರ ಸಂಖ್ಯೆಯನ್ನು 2021–22ರಿಂದ ಮೈದಾನದಲ್ಲಿ ನಾಲ್ವರಿಗೆ ಇಳಿಸಿದರೂ ಕ್ಲಬ್‌ಗಳು ಆ ನಾಲ್ವರಲ್ಲಿ ಒಬ್ಬನನ್ನು ಒಂಬತ್ತನೇ ನಂಬರಿಗೇ, ಅಂದರೆ ನಡುವಿನ ಸ್ಟ್ರೈಕರ್ ಜಾಗಕ್ಕೇ, ತರುತ್ತವೆ. ಭಾರತೀಯ ಸ್ಟ್ರೈಕರ್ ಅಂಚಿಗೆ ಹೋಗುತ್ತಾನೆ, ಇಲ್ಲವೇ ಬೆಂಚಿಗೆ. ಕ್ಲಬ್‌ನಲ್ಲಿ ವರ್ಷವಿಡೀ ಬಾಕ್ಸಿನೊಳಗೆ ನಿಲ್ಲದವನು ದೇಶಕ್ಕೆ ಆಡುವಾಗ ಅಲ್ಲಿ ಹೇಗೆ ನಿಲ್ಲುತ್ತಾನೆ? ಮೌರಿನ್ಯೊ ಬಂದರೂ ಇದೇ ಕತೆ.

ಕರ್ನಾಟಕ 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮಲ್ಲಿ ಒಂದು ಪಟಾಕಿಯೂ ಸಿಡಿಯಲಿಲ್ಲ. ಅರ್ಜೆಂಟೀನಾಕ್ಕೆ ಸಿಡಿದಿತ್ತು.

ಈ ಎಲ್ಲದರ ಬೇರು ನಮ್ಮ ಮೈದಾನಗಳಲ್ಲೇ ಇದೆ. ಕರಾವಳಿಯಲ್ಲಿ ಟೂರ್ನಿಯೆಂದರೆ ನಾಕೌಟ್. 32 ತಂಡ ಬಂದರೆ ಒಟ್ಟು 31 ಪಂದ್ಯ. 16 ತಂಡಗಳು ಒಂದೇ ಪಂದ್ಯಕ್ಕೆ ಗಂಟುಮೂಟೆ ಕಟ್ಟುತ್ತವೆ, ಮತ್ತೆ ಎಂಟು ಎರಡನೆಯದಕ್ಕೆ. ಕಸಬಾ ಬೆಂಗ್ರೆಯಿಂದಲೋ ಉಳ್ಳಾಲದಿಂದಲೋ ಬಂದ ಹುಡುಗ ತಿಂಗಳ ಅಭ್ಯಾಸಕ್ಕೆ 40 ನಿಮಿಷ ಆಡಿ ಮನೆಗೆ ಹೋಗುತ್ತಾನೆ. ಒಂದು ಸೋಲಿಗೆ ಎಲ್ಲ ಮುಗಿಯುವಲ್ಲಿ ಯಾವ ಕೋಚೂ 16ರ ಹುಡುಗನನ್ನು ಹೊಸ ಜಾಗದಲ್ಲಿ ಆಡಿಸಿ ನೋಡುವುದಿಲ್ಲ. ಗೆಸ್ಟ್ ಪ್ಲೇಯರ್ ತರುತ್ತಾನೆ. ಅದೇ ಮೈದಾನದಲ್ಲಿ ಎಂಟು ತಂಡಗಳ ಲೀಗ್ ಇಟ್ಟರೆ 28 ಪಂದ್ಯ, ಪ್ರತಿ ತಂಡಕ್ಕೆ ಏಳು. ಭಾನುವಾರಕ್ಕೆ ನಾಲ್ಕರಂತೆ ಏಳು ಭಾನುವಾರ. 25 ನಿಮಿಷದ ಎರಡು ಅವಧಿ, ಹತ್ತು ನಿಮಿಷ ವಿರಾಮ, ಪಂದ್ಯಗಳ ನಡುವೆ ಹತ್ತು ನಿಮಿಷ ಎಂದಿಟ್ಟುಕೊಂಡರೂ ಬೆಳಿಗ್ಗೆ 7ಕ್ಕೆ ಶುರು ಮಾಡಿದ್ದು 11.40ರ ಒಳಗೆ ಮುಗಿಯುತ್ತದೆ. ಫ್ಲಡ್‌ಲೈಟ್ ಬೇಡ, ಡಿಜೆ ಬೇಡ. ಬಹುಶಃ ಅದಕ್ಕೇ ಯಾರಿಗೂ ಬೇಡ.

ಚೆಂಡಿನ ಗಾತ್ರದ ಬಗ್ಗೆಯೂ ಹೇಳಬೇಕು. ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ನಾಲ್ಕನೇ ನಂಬರಿನ ಚೆಂಡು: ಸುತ್ತಳತೆ 63.5ರಿಂದ 66 ಸೆಂ.ಮೀ., ತೂಕ 350ರಿಂದ 390 ಗ್ರಾಂ. ನಮ್ಮಲ್ಲಿ ಎಲ್ಲರಿಗೂ ಐದನೇ ನಂಬರು, ಅಂದರೆ 70 ಸೆಂ.ಮೀ. ತನಕ, 450 ಗ್ರಾಂ ತನಕ. ಅದನ್ನು ದೂರ ಅಟ್ಟಲು ಮಗು ಪಾದದ ತುದಿಯಿಂದ ಹೊಡೆಯುವುದನ್ನು ಕಲಿಯುತ್ತದೆ, ಆ ಚಟ ಮತ್ತೆ ಬಿಡುವುದಿಲ್ಲ.

ಊರೂರಿನಲ್ಲಿ ಎದ್ದಿರುವ ಬಾಡಿಗೆ ಟರ್ಫ್‌ಗಳಿಂದ ಫುಟ್‌ಬಾಲ್ ಬೆಳೆಯುತ್ತಿದೆ ಎನ್ನುವವರಿಗೆ ಅರ್ಧ ಒಪ್ಪಿಗೆ. ಇಕ್ಕಟ್ಟಿನಲ್ಲಿ ಚೆಂಡು ಹಿಡಿಯುವುದು, ಬೇಗ ಬಿಡುವುದು ಅಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿ ಆಫ್‌ಸೈಡ್ ಇಲ್ಲ, ಎತ್ತರದ ಪಾಸ್ ನೆಟ್‌ಗೆ ತಗಲುತ್ತದೆ, ತಪ್ಪಿದ ಚೆಂಡನ್ನು ಬದಿಯ ತಡೆ ಮರಳಿ ಕಾಲಿಗೇ ತಂದು ಕೊಡುತ್ತದೆ. ಐದು ಜನರ ಆಟದಲ್ಲಿ ಪ್ರತಿಯೊಬ್ಬನಿಗೂ ಚೆಂಡು ಆಗಾಗ ಸಿಗುತ್ತದೆ. 87 ನಿಮಿಷ ಕಾಯುವ ವಿದ್ಯೆ ಅಲ್ಲಿ ಬೇಕಾಗಿಯೇ ಇಲ್ಲ. ಎರಡು ವರ್ಷ ಟರ್ಫ್‌ನಲ್ಲಿ ಮಿಂಚಿದವ ಹನ್ನೊಂದರ ತಂಡಕ್ಕೆ ಬಂದು ಹತ್ತು ನಿಮಿಷದಲ್ಲಿ ಮೂರು ಸಲ ಆಫ್‌ಸೈಡ್ ಆಗುತ್ತಾನೆ, ಥ್ರೋ ಇನ್‌ನಲ್ಲಿ ಹಿಂದಿನ ಕಾಲು ಎತ್ತುತ್ತಾನೆ.

ಕೊನೆಗೆ ನಿಮ್ಮ ಕ್ರೀಡಾಪುಟಕ್ಕೆ ಒಂದು ಕೋರಿಕೆ. ಸ್ಥಳೀಯ ಫುಟ್‌ಬಾಲ್ ಸುದ್ದಿಯೆಂದರೆ ಗೆದ್ದ ತಂಡ, ಗೋಲು ಹೊಡೆದವರ ಹೆಸರು, ಅಲ್ಲಿಗೆ ಮುಗಿಯಿತು. ಫೈನಲ್ ಪಂದ್ಯಕ್ಕಾದರೂ ಎರಡೂ ತಂಡಗಳ ಹನ್ನೊಂದು ಹೆಸರು, ಗೋಲಾದ ನಿಮಿಷ, ಪಾಸ್ ಕೊಟ್ಟವ ಯಾರು, ಕೀಪರ್ ಎಷ್ಟು ತಡೆದ, ಯಾರ ಬದಲು ಯಾರು ಇಳಿದರು ಎಂದು ನಾಲ್ಕು ಸಾಲು ಸೇರಿಸಿ. ಎಡ ಫುಲ್ ಬ್ಯಾಕ್ ಆಡಿದ ಹುಡುಗನ ಮನೆಯವರೂ ಆ ಪುಟ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಜಾಗವಿಲ್ಲ ಎನ್ನುವಿರಾದರೆ, ಬಹುಮಾನ ವಿತರಣೆಯ ಫೋಟೊದ ಅಡಿಯಲ್ಲಿ ಅಚ್ಚಾಗುವ ಅತಿಥಿಗಳ ಹೆಸರಿನಲ್ಲಿ ಒಂದೈದನ್ನು ಕಡಿಮೆ ಮಾಡಿದರೆ ಸಿಗುತ್ತದೆ.

ಇಂತಿ,
ಮೈದಾನದ ಬದಿಯ ಓದುಗ, ಮಂಗಳೂರು